ಫೋಟೋ ಬ್ಯಾಡ ಎಂದಿದ್ದಳು

ದಿನಾಂಕ 12-02-2025, ಬುಧವಾರ, ಬೆಳಿಗ್ಗೆ 10-30 ಗಂಟೆಗೆ ಹಿಂದೂಪುರ ಪಟ್ಟಣದ ಪೊಲೀಸ್ ಠಾಣೆಗೆ ಹಾಜರಾಗಿ ನೀಡಿದ ಎರಡನೇ ಹೇಳಿಕೆ.

ನನ್ನ ಹೆಸರು ಪದ್ಮಲತಾ, ಗಂಡನ ಹೆಸರು ಕದಿರಣ್ಣ, ವಯಸ್ಸು 46 ವರ್ಷ, ಕಸುಬು ಹೊಲಿಗೆ ಅಂಗಡಿ, ವಾಸ ಹಿಂದೂಪುರ ಪಟ್ಟಣದ ಹಳೇ ಸಂತೆ ಬೀದಿ. ಮನೆಮಾತು ಕನ್ನಡ. ತೆಲುಗು ಮಾತಾಡುತ್ತೇನೆ, ಓದಲು ಅಷ್ಟಾಗಿ ಬರುವುದಿಲ್ಲ. ದಿನಾಂಕ 04-02-2025ರಂದು ನಾನು ಕೊಟ್ಟ ಮೊದಲ ಹೇಳಿಕೆಯನ್ನು ತೆಲುಗಿನಲ್ಲಿ ಬರೆದುಕೊಂಡಿದ್ದರು. ಅದರಲ್ಲಿ ಏನಿದೆಯೋ ಗೊತ್ತಾಗಲಿಲ್ಲ ಎಂದು ಈಗ ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಬರೆದದ್ದನ್ನು ನನಗೆ ಓದಿ ಹೇಳಿದ್ದರು, ನಾನು ಕೇಳಿಸಿಕೊಂಡೇ ಸಹಿ ಮಾಡಿದ್ದೆ. ಇಂದಿನ ಹೇಳಿಕೆಯನ್ನು ನನ್ನ ಕೋರಿಕೆಯಂತೆ ಹೆಡ್ ಕಾನ್‌ಸ್ಟೆಬಲ್ ಮುತ್ಯಾಲಪ್ಪನವರು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ. ನಾನಾಗಿಯೇ ಬಂದು ಈ ಮೂಲಕ ತಿಳಿಯಪಡಿಸುವುದೇನೆಂದರೆ:

ನಮ್ಮ ಬೀದಿ ಮತ್ತು ಪಕ್ಕದ ಎರಡು ಬೀದಿಗಳ ಜನ ಸೇರಿ ಒಂಬತ್ತು ವರ್ಷದ ಹಿಂದೆ ನೆರೆಮನೆ ಸೇವಾ ಸಂಘ ಎಂದು ಒಂದು ಸಂಘ ಕಟ್ಟಿಕೊಂಡಿದ್ದೇವೆ. ಸದಸ್ಯರು 34 ಜನ. ಅಧ್ಯಕ್ಷರು ಮೆಡಿಕಲ್ ಅಂಗಡಿ ಇಟ್ಟಿರುವ ವಿಜಯಕುಮಾರ್. ನಾಲ್ಕು ವರ್ಷದಿಂದ ಕಾರ್ಯದರ್ಶಿ ನಾನು. ಅಕ್ಕಪಕ್ಕದ ಯಾರ ಮನೆಯಲ್ಲಾದರೂ ದೊಡ್ಡ ಕಾಯಿಲೆ, ಸಾವು, ಬೆಂಕಿ ಅನಾಹುತ ಆದರೆ ಸಂಘದಿಂದ ನೆರವಿನ ಊಟ ಇಡುತ್ತೇವೆ. ಭಾನುವಾರ ಕಲ್ಯಾಣ ಮಂಟಪದಲ್ಲಿ ಮುದ್ದೆ, ನಾಟಿಕೋಳಿ ಸಾರು ಮಾಡಿ ಬಡಿಸುತ್ತೇವೆ. ಊಟದ ಕೂಪನ್ ಮೊದಲೇ ಮಾರಿ, ಖರ್ಚು ಕಳೆದು ಉಳಿದದ್ದನ್ನು ಆ ಮನೆಯವರ ಕೈಗೆ ಕೊಡುತ್ತೇವೆ. ಕಳೆದ ತಿಂಗಳವರೆಗೆ ಇಂಥ ಹನ್ನೊಂದು ಊಟ ಆಗಿದ್ದವು. ಹನ್ನೊಂದರಲ್ಲೂ ಮುದ್ದೆಯ ಕೋಲು ನನ್ನ ಕೈಯಲ್ಲೇ ಇತ್ತು. ಬೀದಿಯಲ್ಲಿ ನಾನು ನಡೆದು ಹೋದರೆ ಜನ ನಿಂತು ಮಾತಾಡಿಸುತ್ತಾರೆ. ಅದು ನನಗೆ ಇಷ್ಟವಾಗಿತ್ತು.

ತ್ರಿವೇಣಿ ಎಂಬಾಕೆ, ಸುಮಾರು 29 ವರ್ಷ, 2021ರ ಜೂನ್ ತಿಂಗಳಲ್ಲಿ ನಮ್ಮ ಬೀದಿಗೆ ಬಾಡಿಗೆಗೆ ಬಂದಳು. ನನ್ನ ಅಂಗಡಿಯಿಂದ ನಾಲ್ಕನೇ ಮನೆ, ನಲವತ್ತು ಹೆಜ್ಜೆ ಆಗಬಹುದು. ಜೊತೆಯಲ್ಲಿ ಮಗಳು ಶ್ರೀವಾಣಿ. ಆಗ ಮಗುವಿಗೆ ಎರಡೂವರೆ ವರ್ಷ, ಈಗ ಆರು ತುಂಬಿದೆ. ತ್ರಿವೇಣಿ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಬೆಳಿಗ್ಗೆ 8ಕ್ಕೆ ಹೋಗಿ ಸಂಜೆ 6-10ಕ್ಕೆ ಬರುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮಗು ನನ್ನ ಅಂಗಡಿಯಲ್ಲೇ ಇರುತ್ತಿತ್ತು. ಕತ್ತರಿಸಿ ಉಳಿದ ಬಟ್ಟೆ ತುಂಡುಗಳನ್ನು ಬಣ್ಣ ಬಣ್ಣವಾಗಿ ಬೇರೆ ಮಾಡಿ ಇಡುತ್ತಿತ್ತು. ನನ್ನನ್ನು ಪದ್ಮಕ್ಕ ಎಂದು ಕರೆಯುತ್ತಿತ್ತು.

ಬಂದು ಒಂದು ವರ್ಷ ಕಳೆದ ಮೇಲೆ ತ್ರಿವೇಣಿ ತನ್ನ ವಿಷಯ ಹೇಳಿದಳು. ಗಂಡನ ಹೆಸರು ಅಂಜಿ. ಬ್ರಹ್ಮಸಮುದ್ರದವನು. ಅಲ್ಲಿಂದ ಕಲ್ಯಾಣದುರ್ಗಕ್ಕೆ ಜೀಪಿನಲ್ಲಿ ಜನರನ್ನು ಸಾಗಿಸುತ್ತಿದ್ದನು. ಮದುವೆಯಾದ ಮೂರನೇ ತಿಂಗಳಿಂದ ಹೊಡೆತ. ಒಮ್ಮೆ ಎಡಗೈ ಮೂಳೆ ಮುರಿದಿದ್ದನು. ಇನ್ನೊಮ್ಮೆ ಜೀಪಿಗೆ ಹಾಕುವ ಡೀಸೆಲ್ಲನ್ನು ಅವಳ ಸೀರೆಗೆ ಸುರಿದು, ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಒಂದು ಗಂಟೆ ಕಾಲ ಎದುರಿಗೆ ಕೂತಿದ್ದನಂತೆ. ಮಗುವಿಗೆ ಜ್ವರ, ಆಸ್ಪತ್ರೆಗೆ ಹೋಗಿ ಬತ್ತೀನಿ ಎಂದು ಹೇಳಿ ಮನೆ ಬಿಟ್ಟವಳು ವಾಪಸು ಹೋಗಿರಲಿಲ್ಲ. ಅವಳು ಹಿಂದೂಪುರದಲ್ಲಿ ಇರುವುದು ಕಲ್ಯಾಣದುರ್ಗದಲ್ಲಿರುವ ತಾಯಿ ಕೊಂಡಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಗಂಡನ ಫೋಟೋ ಅವಳ ಹತ್ತಿರ ಇರಲಿಲ್ಲ. ನಾನು ಅವನನ್ನು ನೋಡಿದವಳಲ್ಲ.

ತ್ರಿವೇಣಿ ಮನೆಯೊಳಗೆ ಇದ್ದಾಗ ಹಗಲು ಹೊತ್ತಿನಲ್ಲೂ ಚಿಲಕ ಹಾಕಿಕೊಳ್ಳುತ್ತಿದ್ದಳು. ಬಾಗಿಲು ಬಡಿದರೆ ತೆಗೆಯುತ್ತಿರಲಿಲ್ಲ. ಹೆಸರು ಹಿಡಿದು ಕೂಗಬೇಕು, ದನಿಯ ಗುರುತು ಸಿಗಬೇಕು. ಗ್ಯಾಸ್ ಸಿಲಿಂಡರ್ ತಂದವನು ಕೂಡ ಮೊದಲು ನನ್ನ ಅಂಗಡಿಗೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದನು.

ಕಳೆದ ಡಿಸೆಂಬರ್‌ನಲ್ಲಿ ಶ್ರೀವಾಣಿಗೆ ಹೃದಯದಲ್ಲಿ ರಂಧ್ರ ಇದೆ, ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದರು. ಆಪರೇಷನ್ ಸರ್ಕಾರದ ಯೋಜನೆಯಲ್ಲಿ ಆಗುತ್ತದೆ. ಆದರೆ ಮಗುವಿನ ಜೊತೆ ತಾಯಿ ಬೆಂಗಳೂರಿನಲ್ಲಿ ಒಂದೂವರೆ ತಿಂಗಳು ಇರಬೇಕು, ಅಷ್ಟು ದಿನ ಫ್ಯಾಕ್ಟರಿಗೆ ಹೋಗುವಂತಿಲ್ಲ. ಊಟ, ಬಾಡಿಗೆ, ಔಷಧಿಗೆ ಬೇರೆ ದಾರಿ ಇರಲಿಲ್ಲ. ದಿನಾಂಕ 19-01-2025, ಭಾನುವಾರ ಸಂಘದ ಸಭೆಯಲ್ಲಿ ಈ ಮಗುವಿಗಾಗಿ ಫೆಬ್ರವರಿ 9ರ ಭಾನುವಾರ ಊಟ ಇಡುವುದೆಂದು ನಿರ್ಧಾರವಾಯಿತು. ವಿಷಯ ಎತ್ತಿದವಳು ನಾನೇ.

ಅದೇ ದಿನ ಸಂಜೆ 7 ಗಂಟೆಗೆ ತ್ರಿವೇಣಿಯ ಮನೆಗೆ ಹೋಗಿ ತಿಳಿಸಿದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು. ಆಮೇಲೆ, ನಿಮ್ಮ ಋಣ ಮರೆಯಾಕಿಲ್ಲ ಕಣಕ್ಕ, ಆದರೆ ಫೋಟೋ ಬ್ಯಾಡ, ಹೆಸರೂ ಬ್ಯಾಡ, ಒಂದು ಮಗುವಿಗೆ ಅಂತ ಬರೆದರೆ ಸಾಕು ಎಂದಳು. ನಾನು ಆಗಲಿ ಎಂದೆ.

ದಿನಾಂಕ 23-01-2025ರಂದು ವಿಜಯಕುಮಾರ್ ನನ್ನ ಅಂಗಡಿಗೆ ಬಂದು ಫ್ಲೆಕ್ಸ್‌ಗೆ ಫೋಟೋ ಕೇಳಿದರು. ತಾಯಿ ಒಪ್ಪಿಲ್ಲ ಎಂದು ಹೇಳಿದೆ. ಯಾಕೆ ಒಪ್ಪಿಲ್ಲ ಎಂಬುದನ್ನು ಹೇಳಲಿಲ್ಲ, ಅದು ಅವಳ ಗುಟ್ಟು ಎಂದುಕೊಂಡೆ. ಅವರು ನಕ್ಕು, ಪದ್ಮಮ್ಮ, ಮುಖ ಕಾಣದೆ ಯಾರ ಕೈ ಜೇಬಿಗೆ ಹೋಗ್ತದೆ ಹೇಳು, ನಾಚಿಕೆ ಪಟ್ಟರೆ ಮಗು ಉಳೀತದಾ ಎಂದರು. ನನ್ನ ಫೋನಿನಲ್ಲಿ ಸಂಕ್ರಾಂತಿ ದಿನ ತೆಗೆದ ಒಂದು ಫೋಟೋ ಇತ್ತು. ತ್ರಿವೇಣಿ ಬಾಗಿಲ ಮುಂದೆ ರಂಗೋಲಿ ಹಾಕಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಿದ್ದಳು. ಅವಳಾಗಿಯೇ ಒಂದು ತೆಗಿ ಅಕ್ಕ ಎಂದಿದ್ದಳು, ನಮ್ಮವ್ವನಿಗೆ ಕಳಿಸ್ತೀನಿ ಎಂದಿದ್ದಳು. ಆ ಫೋಟೋವನ್ನು ವಿಜಯಕುಮಾರ್ ಅವರ ಫೋನಿಗೆ ಕಳಿಸಿದೆ. ನಲವತ್ತು ಹೆಜ್ಜೆ ನಡೆದು ಅವಳನ್ನು ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ.

ದಿನಾಂಕ 27-01-2025, ಸೋಮವಾರ ಹಿಂದೂಪುರದ ನಾಲ್ಕು ಕಡೆ ಫ್ಲೆಕ್ಸ್ ಕಟ್ಟಿದರು. ತಾಯಿ ಮಗುವಿನ ಫೋಟೋ, ಇಬ್ಬರ ಹೆಸರು, ಊಟದ ದಿನಾಂಕ, ಕೆಳಗೆ ಸಂಪರ್ಕಕ್ಕೆ ನನ್ನ ಫೋನ್ ನಂಬರ್. ಮನೆಯ ವಿಳಾಸ ಇರಲಿಲ್ಲ. ಸಂಜೆ 6-10ಕ್ಕೆ ತ್ರಿವೇಣಿ ಫ್ಯಾಕ್ಟರಿಯಿಂದ ನೇರ ಅಂಗಡಿಗೆ ಬಂದಳು. ಗಲಾಟೆ ಮಾಡಲಿಲ್ಲ. ತೆಗೆಸಿಬಿಡಕ್ಕ, ಇವತ್ತೇ ತೆಗೆಸಿಬಿಡು, ಅವನು ಜೀಪಿನೋನು, ಊರೂರು ತಿರುಗೋರ ಜೊತೆ ಇರ್ತಾನೆ ಎಂದಳು. ನಾನು, ಆ ಕಡೆಯೋರು ಇಲ್ಲಿಗೆ ಯಾಕೆ ಬತ್ತಾರೆ, ನೂರು ಕಿಲೋಮೀಟರ್ ದೂರ, ಇನ್ನು ಹದಿಮೂರು ದಿನ, ಊಟ ಮುಗಿದ ಮಾರನೇ ದಿನ ನಾನೇ ನಿಂತು ಬಿಚ್ಚಿಸ್ತೀನಿ ಎಂದೆ. ಅವಳು ಮಗುವಿನ ಚೀಲ ಎತ್ತಿಕೊಂಡು ಹೋದಳು. ಆ ದಿನದಿಂದ ಮುಖಕ್ಕೆ ಸೆರಗು ಮರೆ ಮಾಡಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದಳು.

ದಿನಾಂಕ 29-01-2025ರಂದು ಬೆಳಿಗ್ಗೆ 9-40ಕ್ಕೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಕಲ್ಯಾಣದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಚಂದ್ರಮೋಹನ್ ಎಂಬುವರು ವಿಜಯಕುಮಾರ್ ಅವರ ಭಾವಮೈದ. ತಮ್ಮ ಊರಿನಲ್ಲೂ ನೆರವು ಎತ್ತಿಕೊಡುವುದಾಗಿ ಹೇಳಿ ಅದೇ ಫ್ಲೆಕ್ಸನ್ನು ಕಲ್ಯಾಣದುರ್ಗ ಬಸ್ ನಿಲ್ದಾಣದ ಹತ್ತಿರ ಕಟ್ಟಿಸಿದ್ದರು. ಫೋಟೋದಲ್ಲಿ ಫ್ಲೆಕ್ಸ್‌ನ ಕೆಳಗೆ ಮೂರು ಜೀಪು ನಿಂತಿದ್ದವು. ಫೋಟೋವನ್ನು ದೊಡ್ಡದು ಮಾಡಿ ಆ ಜೀಪುಗಳನ್ನು ನೋಡಿದೆ, ಅಂಜಿ ಜೀಪಿನವನು ಎಂಬುದು ನೆನಪಾಯಿತು. ಆದರೂ ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಿದ್ದರು, ನಾನೂ ಹಾಕಿದೆ. ತ್ರಿವೇಣಿಗೆ ಹೇಳಲಿಲ್ಲ. ಮದುವೆ ಬ್ಲೌಸುಗಳ ಕೆಲಸ ಬಹಳ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಹೇಳಿದರೆ ಅವಳ ಮುಖ ನೋಡಬೇಕಾಗುತ್ತಿತ್ತು.

ಇನ್ನು ಮುಂದೆ ಹೇಳುವುದರಲ್ಲಿ ಮೊದಲ ಹೇಳಿಕೆಯಲ್ಲಿ ನಾನು ಮುಚ್ಚಿಟ್ಟ ವಿಷಯ ಇದೆ.

ದಿನಾಂಕ 04-02-2025, ಮಂಗಳವಾರ ಬೆಳಿಗ್ಗೆ 11-20ಕ್ಕೆ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಗಂಡಸಿನ ದನಿ. ಮೊದಲು ತೆಲುಗಿನಲ್ಲಿ ಅಮ್ಮಾ, ನಮಸ್ಕಾರಂ ಎಂದು ಶುರು ಮಾಡಿ, ನನ್ನ ಮಾತು ಕೇಳಿ ಕನ್ನಡಕ್ಕೆ ತಿರುಗಿದನು. ತನ್ನ ಹೆಸರು ಓಬಣ್ಣ, ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ವ್ಯಾಪಾರ, ಫ್ಲೆಕ್ಸ್ ನೋಡಿ ಕರುಳು ಚುರುಕ್ ಅಂತು, ಮಗುವಿನ ಕೈಗೇ ಕೊಡಬೇಕು ಅಂತ ಹರಕೆ ಮಾಡಿಕೊಂಡಿದ್ದೀನಿ ಎಂದನು. ಮಗು ಆಸ್ಪತ್ರೆಯಾಗೆ ಐತಾ ಮನೆಯಾಗೆ ಐತಾ ಎಂದು ಕೇಳಿದನು. ಮಗುವಿಗೆ ಏದುಸಿರು, ತಾಯಿ ರಜೆ ಹಾಕಿ ಇಬ್ಬರೂ ಮನೆಯಲ್ಲೇ ಇದ್ದಾರೆ, ಮೊದಲು ನನ್ನ ಅಂಗಡಿಗೆ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಬೀದಿಯ ಗುರುತು ಕೊಟ್ಟೆ. ಫೋನ್ ಇಟ್ಟ ಮೇಲೆ ಬಹಳ ಸಂತೋಷವಾಯಿತು. ವಿಜಯಕುಮಾರ್ ಅವರಿಗೆ ತಿಳಿಸಿದೆ. ಕೊಡುವಾಗ ಒಂದು ಫೋಟೋ ತೆಗಿ ಎಂದರು.

ಮಧ್ಯಾಹ್ನ 2-45ಕ್ಕೆ ಅವನು ಬಂದನು. ಸುಮಾರು 35 ವರ್ಷ, ಇಸ್ತ್ರಿ ಮಾಡಿದ ಬಿಳಿ ಷರಟು, ಕೈಯಲ್ಲಿ ಮೂಸಂಬಿ ತುಂಬಿದ ಬಟ್ಟೆಯ ಚೀಲ. ನೀರು ಕೇಳಿದನು, ಕೊಟ್ಟೆ. ಚೊಂಬಿಗೆ ಬಾಯಿ ತಾಗಿಸದೆ ಕುಡಿದು, ತೊಳೆಯುವ ಕೆಲಸ ಇಲ್ಲ ಬಿಡಮ್ಮ ಎಂದು ಹೇಳಿ ವಾಪಸು ಕೊಟ್ಟನು. ಒಳ್ಳೆಯ ಮನುಷ್ಯ ಎಂದುಕೊಂಡೆ. ಅಂಗಡಿಗೆ ಬೀಗ ಹಾಕದೆ, ಹೊಲಿಯುತ್ತಿದ್ದ ಬಟ್ಟೆಯನ್ನು ಮಿಷನ್ ಮೇಲೆಯೇ ಬಿಟ್ಟು ಅವನ ಮುಂದೆ ನಡೆದೆ.

ಮೊದಲ ಹೇಳಿಕೆಯಲ್ಲಿ ಕೂಗು ಕೇಳಿ ಅಂಗಡಿಯಿಂದ ಓಡಿ ಬಂದೆ ಎಂದು ಬರೆಸಿದ್ದೇನೆ. ಅದು ಸುಳ್ಳು. ನಾನು ಬಾಗಿಲ ಮುಂದೆಯೇ ಇದ್ದೆ. ತ್ರಿವೇಣಿ, ನಾನು ಕಣಮ್ಮ, ಬಾಗಿಲು ತೆಗಿ, ಪಾಪನ್ನ ನೋಡೋಕೆ ಬಂದವರೆ ಎಂದು ಕೂಗಿದೆ. ಒಳಗಿನಿಂದ ಬಂದೆ ಅಕ್ಕ ಎಂದಳು. ಚಿಲಕ ತೆಗೆದ ಸದ್ದಾಯಿತು. ಆಗ ಸಮಯ 2-55.

ಅವಳು ಮೊದಲು ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕಿರುಚಲಿಲ್ಲ. ಒಂದು ಹೆಜ್ಜೆ ಹೊರಗೆ ಬಂದು, ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು ಹೊರಗಿನಿಂದ ಚಿಲಕ ಹಾಕಿದಳು. ಮಗು ಒಳಗೆ ಉಳಿಯಿತು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವನು, ಊರ ತುಂಬ ಫೋಟೋ ಹಾಕ್ಕೊಂಡು ಮೆರೀತಾ ಇದೀಯೇನೇ, ನಾನು ಸತ್ತೋಗಿದೀನಾ ಎಂದನು. ಚೀಲದಿಂದ ಚಾಕು ತೆಗೆದನು. ಮೂಸಂಬಿಗಳು ಚರಂಡಿಯ ಕಡೆಗೆ ಉರುಳಿದವು. ಹೊಟ್ಟೆಗೆ ಎರಡು ಸಲ, ಕತ್ತಿನ ಎಡಭಾಗಕ್ಕೆ ಒಂದು ಸಲ ಚುಚ್ಚಿದನು. ನಾನು ಹಿಂದಿನಿಂದ ಅವನ ಷರಟು ಹಿಡಿದು ಎಳೆದೆ. ಅವನು ತಳ್ಳಿದ ರಭಸಕ್ಕೆ ನಲ್ಲಿಯ ಕಟ್ಟೆಯ ಮೇಲೆ ಬಿದ್ದು ನನ್ನ ಎಡಗೈ ಮಣಿಕಟ್ಟು ಮುರಿಯಿತು. ಅವನು ತ್ರಿವೇಣಿಯನ್ನು ಬಾಗಿಲಿನಿಂದ ಪಕ್ಕಕ್ಕೆ ಎಳೆಯಲು ನೋಡಿದನು. ಅವಳು ಎರಡೂ ಕೈ ಹಿಂದೆ ಮಾಡಿ ಚಿಲಕ ಹಿಡಿದುಕೊಂಡಿದ್ದಳು, ಬಿಡಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಯಶೋದಾ ಹೊರಗೆ ಬಂದು ಬೊಬ್ಬೆ ಹಾಕಿದಳು, ಜನ ಸೇರಿದರು. ಅವನು ದೊಡ್ಡ ರಸ್ತೆಯ ಕಡೆಗೆ ಓಡಿದನು. ಅದೇ ಸಂಜೆ 5 ಗಂಟೆಗೆ ಪೆನುಕೊಂಡ ಬಸ್ ನಿಲ್ದಾಣದಲ್ಲಿ ಅವನನ್ನು ಹಿಡಿದರೆಂದು ಆಮೇಲೆ ತಿಳಿಯಿತು. ಅವನೇ ತ್ರಿವೇಣಿಯ ಗಂಡ ಅಂಜಿ.

ಒಳಗಿನಿಂದ ಮಗು ಬಾಗಿಲು ಬಡಿಯುತ್ತಿತ್ತು. ತ್ರಿವೇಣಿ ಕುಸಿದು ಬಾಗಿಲಿಗೇ ಒರಗಿ ಕೂತಿದ್ದರಿಂದ ಬಡಿದಾಗಲೆಲ್ಲ ಅವಳ ತಲೆ ಅಲುಗುತ್ತಿತ್ತು.

ಯಶೋದಾಳನ್ನು ಮಗುವಿನ ಹತ್ತಿರ ಬಿಟ್ಟು, ಆಟೋದಲ್ಲಿ ತ್ರಿವೇಣಿಯನ್ನು ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಗೆ 3-15ಕ್ಕೆ ತಲುಪಿದೆವು. ದಾರಿಯಲ್ಲಿ ಅವಳಿಗೆ ಎಚ್ಚರವಿತ್ತು. ನನ್ನನ್ನು ಬೈಯುತ್ತಾಳೆ ಎಂದು ಕಾಯುತ್ತಿದ್ದೆ. ಅವಳು, ಮೂರೂವರೆಗೆ ಪಾಪಂಗೆ ಗುಳಿಗೆ ಅಕ್ಕ, ಅರ್ಧ ಮುರಿದು ಬೆಲ್ಲದಾಗೆ ಇಟ್ಟು ಕೊಡು, ಹಂಗೇ ಕೊಟ್ರೆ ಉಗೀತಾಳೆ ಎಂದಳು. ನನ್ನ ಸಂಗಡ ಆಡಿದ ಕೊನೆಯ ಮಾತು ಅದು. ಆ ಆಸ್ಪತ್ರೆಯಿಂದ ಅನಂತಪುರಕ್ಕೆ ಕಳಿಸಿದರು. ದಿನಾಂಕ 06-02-2025, ಗುರುವಾರ ಬೆಳಿಗ್ಗೆ 5-40ಕ್ಕೆ ಅಲ್ಲಿ ತೀರಿಕೊಂಡಳು.

ಮೊದಲ ಹೇಳಿಕೆ ಕೊಡಲು 4ನೇ ತಾರೀಖು ಸಂಜೆ 7 ಗಂಟೆಗೆ ಠಾಣೆಗೆ ಬಂದಾಗ ವಿಜಯಕುಮಾರ್ ನನ್ನ ಜೊತೆ ಬಂದಿದ್ದರು. ನಾನು ಮನೆ ತೋರಿಸಿದ್ದನ್ನು ಠಾಣೆಯ ಮುಂದೆ ಆಟೋ ಇಳಿದ ಕೂಡಲೇ ಅವರಿಗೆ ಹೇಳಿದೆ. ಠಾಣೆಯ ಕಾಂಪೌಂಡಿನ ಹೊರಗೆ ನಿಂತು, ಅವನಾಗಿಯೇ ಹುಡುಕ್ಕೊಂಡು ಬಂದ ಅಂತ ಹೇಳು, ನೀನೇ ಕರ್ಕೊಂಡು ಹೋದೆ ಅಂದರೆ ಸಂಘದ ಹೆಸರು ಮಣ್ಣು ಪಾಲು, ನಾಳೆ ಇನ್ನೊಂದು ಮಗುವಿಗೆ ಯಾರೂ ಕೈ ನೀಡಲ್ಲ ಎಂದರು. ಅವರು ಬೆದರಿಸಲಿಲ್ಲ. ಅವರು ಹೇಳಿದ್ದು ನನಗೂ ಬೇಕಾಗಿತ್ತು, ಅದಕ್ಕೇ ಹಾಗೆ ಬರೆಸಿದೆ.

ದಿನಾಂಕ 09-02-2025, ಭಾನುವಾರ ಊಟ ನಿಲ್ಲಿಸಲಿಲ್ಲ. ಸುದ್ದಿ ಹರಡಿದ್ದರಿಂದ ಎಂದೂ ಬಾರದಷ್ಟು ಜನ ಬಂದರು. ಒಂದು ಗಂಟೆಗೆ ಮುದ್ದೆ ಮುಗಿದು ಎರಡನೇ ಸಲ ಎಸರಿಟ್ಟರು. ಕೈ ಮುರಿದಿದ್ದರಿಂದ ನಾನು ಒಲೆ ಮುಂದೆ ಹೋಗಲಿಲ್ಲ, ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರು. ಬಂದವರೆಲ್ಲ ನನಗೆ ಕೈಮುಗಿದು, ನೀನು ಅಡ್ಡ ಹೋದೆಯಂತಲ್ಲ ತಾಯಿ, ಧೈರ್ಯವಂತೆ ಎಂದರು. ಅಷ್ಟು ಜನಕ್ಕೂ ನಾನು ತಲೆ ಆಡಿಸಿದೆ.

ಮಾರನೇ ದಿನ ಸಂಘದ ಗುಂಪಿನಲ್ಲಿ ವಿಜಯಕುಮಾರ್ ಹೊಸ ಫ್ಲೆಕ್ಸಿನ ಚಿತ್ರ ಹಾಕಿದರು. ಸಂಕ್ರಾಂತಿಯ ಅದೇ ಫೋಟೋ. ತ್ರಿವೇಣಿಗೆ ಹಾರ ಹಾಕಿದಂತೆ ಮಾಡಿಸಿ, ತಾಯಿಯಿಲ್ಲದ ಕೂಸಿಗೆ ಆಸರೆಯಾಗಿ ಎಂದು ಬರೆಸಿದ್ದರು. ಕೆಳಗೆ ನನ್ನ ನಂಬರ್. ನಾನು ಬೇಡ ಎಂದು ಬರೆದೆ. ಯಾಕೆ ಎಂದು ನಾಲ್ಕು ಜನ ಕೇಳಿದರು. ಫೋನ್ ಮಗುಚಿ ಇಟ್ಟೆ.

ಮಗುವನ್ನು ಅಜ್ಜಿ ಕೊಂಡಮ್ಮ ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ಆಸ್ಪತ್ರೆಯ ಫೈಲು ತ್ರಿವೇಣಿಯ ಮನೆಯಲ್ಲೇ ಉಳಿದಿತ್ತು. ಅದನ್ನು ಕೊಡಲು ನಿನ್ನೆ, ದಿನಾಂಕ 11-02-2025ರಂದು ಬೆಳಿಗ್ಗೆ 6-30ರ ಬಸ್ಸು ಹತ್ತಿದೆ. ಕಲ್ಯಾಣದುರ್ಗದಲ್ಲಿ ಇಳಿದಾಗ 9-50. ನಿಲ್ದಾಣದ ಹತ್ತಿರ ಆ ಫ್ಲೆಕ್ಸ್ ಇನ್ನೂ ಇತ್ತು. ಅದರ ನೆರಳಿನಲ್ಲಿ ಜನ ಜೀಪಿಗೆ ಕಾಯುತ್ತಾ ಕೂತಿದ್ದರು. ಒಬ್ಬಾಕೆ ನನಗೂ ಜಾಗ ಬಿಟ್ಟಳು.

ಕೊಂಡಮ್ಮ ಕಡಲೆಕಾಯಿ ಮಿಲ್ಲಿನಲ್ಲಿ ಕೂಲಿ ಮಾಡುತ್ತಾರೆ, ಒಂದು ಕೋಣೆಯ ಮನೆ. ಫೈಲು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಮಾರ್ಚ್ 3ಕ್ಕೆ ಮಗುವನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು ಎಂದು ತಿಳಿಸಿದೆ. ಫೈಲನ್ನು ಮಡಿಲಲ್ಲಿ ಇಟ್ಟುಕೊಂಡು ಅವರು, ಆ ಬೋರ್ಡಿನಾಗೆ ಫೋನ್ ನಂಬರ್ ಅದೆ, ಮನೆ ಎಲ್ಲಿ ಅಂತ ಇಲ್ಲವಂತೆ, ಆ ಪಾಪಿಗೆ ಮನೆ ತೋರಿಸ್ದೋರು ಯಾರಮ್ಮ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಶ್ರೀವಾಣಿ ಗೋಡೆಗೆ ಒರಗಿ ಕೂತು ಕಡಲೆಕಾಯಿ ಸುಲಿಯುತ್ತಿತ್ತು. ತಲೆ ಎತ್ತದೆ, ಪದ್ಮಕ್ಕ ಕೂಗಿದ್ಲು ಅಜ್ಜಿ, ಅದಕ್ಕೇ ಅಮ್ಮ ಬಾಗಿಲು ತೆಗೆದ್ಲು ಎಂದಿತು. ದೂರು ಹೇಳುವ ಹಾಗೆ ಹೇಳಲಿಲ್ಲ. ಕೇಳಿದ್ದಕ್ಕೆ ಹೇಳಿತು, ಇನ್ನೊಂದು ಕಾಯಿ ಸುಲಿಯಿತು.

ಕೊಂಡಮ್ಮ ನನ್ನ ಮುಖ ನೋಡಿದರು. ಆಮೇಲೆ ಎದ್ದು ತಟ್ಟೆ ಇಟ್ಟು ಅನ್ನ, ಹುರುಳಿ ಸಾರು ಬಡಿಸಿ, ಉಣ್ಣು, ಬೆಳಿಗ್ಗೆ ಬಸ್ಸು ಹತ್ತಿದೋಳು ಎಂದರು. ಒಂದು ತುತ್ತು ಕಲಸಿ ತಟ್ಟೆಯಲ್ಲೇ ಬಿಟ್ಟೆ. ಆಗ ನಡೆದದ್ದನ್ನು ಈಗ ಇಲ್ಲಿ ಹೇಳಿದ ಹಾಗೆಯೇ ಅವರಿಗೆ ಹೇಳಿದೆ. ನಾನು ಹೊರಟಾಗ ಹೊಸ್ತಿಲವರೆಗೆ ಬಂದು, ನನಗೆ ಹೇಳಿದ್ಯಲ್ಲ, ಇದನ್ನ ಸ್ಟೇಷನ್ನಿನಾಗೆ ಹೇಳೀಯೇನಮ್ಮ ಎಂದು ಮಾತ್ರ ಕೇಳಿದರು. ಹೇಳ್ತೀನಿ ಎಂದೆ. ಸರಿ, ಹೋಗು, ಮೂರರ ಬಸ್ಸು ತಪ್ಪಿದರೆ ಐದರವರೆಗೂ ಕೂರಬೇಕು ಎಂದರು.

ನನ್ನ ಕೋರಿಕೆ ಎರಡು. ಒಂದು, ಆ ಮಗುವಿನ ಫೋಟೋ ಇನ್ನು ಯಾವ ಗೋಡೆಗೂ ಯಾವ ಫೋನಿಗೂ ಹೋಗದಂತೆ ಸಂಘದವರಿಗೆ ಪೊಲೀಸರು ತಿಳಿಸಬೇಕು. ಎರಡು, ಅಂಜಿಯ ಕೇಸು ಕೋರ್ಟಿಗೆ ಬಂದ ದಿನ ನನ್ನನ್ನು ಸಾಕ್ಷಿಗೆ ಕರೆಯಬೇಕು. ಅವನ ಎದುರಿಗೇ ಹೇಳುತ್ತೇನೆ.

ಇಷ್ಟು ಬರೆದ ಮೇಲೆ ಮುತ್ಯಾಲಪ್ಪನವರು ಪೆನ್ನು ಕೆಳಗಿಟ್ಟು, ಫೋಟೋ ಕೊಟ್ಟಿದ್ದಕ್ಕೂ ಬಾಗಿಲಲ್ಲಿ ಕೂಗಿದ್ದಕ್ಕೂ ನಿನ್ನ ಮೇಲೆ ಕೊಲೆ ಕೇಸೇನೂ ನಿಲ್ಲಲ್ಲ ಕಣಮ್ಮ, ಮೊದಲ ಹೇಳಿಕೆ ತಿದ್ದುಪಡಿ ಅಷ್ಟೇ ಬರೆದರೆ ಸಾಕು, ಉಳಿದದ್ದನ್ನ ತೆಗೆದುಬಿಡಲಾ ಎಂದು ಕೇಳಿದರು. ನನ್ನ ಮೇಲೆ ಕೇಸು ಇಲ್ಲ ಎನ್ನುವುದು ನನಗೆ ಗೊತ್ತು, ಅದಕ್ಕೇ ಎಲ್ಲವನ್ನೂ ಬರೆಯಿರಿ, ನಾನು ಮಾಡಿದ್ದನ್ನು ಬೇರೆ ಎಲ್ಲೂ ಬರೆಯುವವರಿಲ್ಲ ಎಂದೆ.

ಮೇಲಿನದನ್ನು ನನಗೆ ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಯಾವುದನ್ನೂ ಬಿಟ್ಟಿಲ್ಲ, ಯಾವುದನ್ನೂ ಸೇರಿಸಿಲ್ಲ. ಹೇಳು ಎಂದು ಯಾರೂ ಬಲವಂತ ಮಾಡಿಲ್ಲ. ಇಂದು ನನ್ನ ಜೊತೆ ಯಾರೂ ಬಂದಿಲ್ಲ.

ಸ್ಥಳ: ಹಿಂದೂಪುರ
ದಿನಾಂಕ: 12-02-2025, ಮಧ್ಯಾಹ್ನ 1-15

(ಸಹಿ) ಪದ್ಮಲತಾ

ಬರೆದುಕೊಂಡವರು: (ಸಹಿ) ಮುತ್ಯಾಲಪ್ಪ, ಹೆಡ್ ಕಾನ್‌ಸ್ಟೆಬಲ್